ಕಾಕಾನ ಬಕೆಟ್ಟು ಮತ್ತು ದೇಶದ ಇಂಧನ ಲೆಕ್ಕ

ನಮ್ಮ ಕಾಕಾನ ಮುಂದೆ ಬಿಸಿ ಜೋಳದ ರೊಟ್ಟಿ ಇಟ್ಟರೆ ಅವರಿಗೆ ರೊಟ್ಟಿ ಕಾಣುವುದಿಲ್ಲ. ಅದಕ್ಕಾಗಿ ಉರಿದ ಗ್ಯಾಸ್ ಕಾಣುತ್ತದೆ! ಹೊಟ್ಟೆಗೆ ಹೋದದ್ದಕ್ಕಿಂತ ಒಲೆಗೆ ಹೋದದ್ದರ ಮೇಲೆಯೇ ಅವರ ಧ್ಯಾನ. ಇಂಥವರ ಜೊತೆ ನಮ್ಮ ಕಾಕು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರು ಎಂದು ನೀವು ಕೇಳಬಹುದು. ನಾನೂ ಬಹಳ ದಿನ ಅದನ್ನೇ ಕೇಳಿಕೊಂಡಿದ್ದೆ.

ತಪ್ಪು ಕಾಕಾನದಲ್ಲ, ನೌಕರಿಯದು. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಸರ್ಕಾರದ ಅಂಕಿಸಂಖ್ಯೆಯ ಕಚೇರಿಯೊಂದರಲ್ಲಿ ಸೇರಿ, ದೇಶಕ್ಕೆ ಎಷ್ಟು ಇಂಧನ ಬಂತು, ಎಷ್ಟು ಉರಿಯಿತು ಎಂದು ಕೂಡಿಸುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಅದೇನು ಸಣ್ಣ ಕೆಲಸವೇ? ಕಲ್ಲಿದ್ದಲಿನ ಇಲಾಖೆ ಟನ್ನುಗಳಲ್ಲಿ ಮಾತಾಡುತ್ತದೆ, ಎಣ್ಣೆಯವರು ಲೀಟರುಗಳಲ್ಲಿ, ವಿದ್ಯುತ್ತಿನವರು ಯೂನಿಟ್ಟುಗಳಲ್ಲಿ. ಹಳ್ಳಿಯ ಕಟ್ಟಿಗೆ, ಸಗಣಿಯ ಕುಳ್ಳಿನ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಅದಕ್ಕೆ ಇವರೇ ಮನೆಮನೆಯ ಬಾಗಿಲಿಗೆ ಹೋಗಿ ಕೇಳಿ ಬರಬೇಕು. ಗಣಿಯವರು ಕಳಿಸಿದೆವೆಂದ ಕಲ್ಲಿದ್ದಲಿಗೂ ವಿದ್ಯುತ್ ಸ್ಥಾವರದವರು ಬಂತೆಂದ ಕಲ್ಲಿದ್ದಲಿಗೂ ತಾಳೆಯೇ ಆಗುವುದಿಲ್ಲ. ಎಲ್ಲವನ್ನೂ ಒಂದೇ ಅಳತೆಗೆ ತಂದು ಒಂದೇ ಕೋಷ್ಟಕದಲ್ಲಿ ಕೂರಿಸಿ, ಬಂದದ್ದಕ್ಕೂ ಖರ್ಚಾದದ್ದಕ್ಕೂ ಹೊಂದದಿದ್ದರೆ ಕೊನೆಗೆ ‘ವ್ಯತ್ಯಾಸ’ ಎಂದೊಂದು ಸಾಲು ಬರೆಯಬೇಕು. ಆ ಸಾಲು ಕಂಡರೆ ಕಾಕಾನಿಗೆ ಹಲ್ಲುನೋವು ಬಂದಂತಾಗುತ್ತಿತ್ತಂತೆ.

“ಕೂಡಸೂ ಕೆಲಸ ನಮ್ಮದು, ಆದ್ರ ಹುಕುಂ ಮಾಡೂ ಅಧಿಕಾರ ನಮಗಿಲ್ಲ” ಎಂದು ಅವರು ಈಗಲೂ ಅಲವತ್ತುಕೊಳ್ಳುತ್ತಾರೆ. “ಬೀಗರ ಮನ್ಯಾಗ ಎರಡನೇ ಸಲ ಹೋಳಿಗಿ ಕೇಳಿಧಂಗ, ಭಾಳ ನಾಜೂಕಿನಿಂದ ಕೇಳಬೇಕಿತ್ತು!”

ನಿವೃತ್ತಿಯಾದ ಮೇಲೆ ದೇಶ ತಪ್ಪಿಸಿಕೊಂಡಿತು, ಮನೆ ಸಿಕ್ಕಿಬಿತ್ತು. ಕೋಥ್ರೂಡಿನ ಅವರ ಫ್ಲ್ಯಾಟಿನಲ್ಲಿ ಕಾಕು ಗ್ಯಾಸ್ ಇಲಾಖೆ. ಮೀಟರು ಓದುವ ಕಾಕಾ ವಿದ್ಯುತ್ ಇಲಾಖೆ. ವಿಮಾನ ನಗರದಲ್ಲಿ ನೌಕರಿ ಮಾಡುತ್ತ ಶನಿವಾರ ರವಿವಾರ ಅವರಲ್ಲಿಗೆ ಹೋಗುವ ನಾನು, ನನ್ನ ಸ್ಕೂಟಿಯ ದೆಸೆಯಿಂದ, ಪೆಟ್ರೋಲ್ ಇಲಾಖೆ! ಕೋಷ್ಟಕ ಫ್ರಿಜ್ಜಿನ ಬಾಗಿಲ ಮೇಲೆ. ನಾನು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತದೆ.

“ಈ ವಾರ ಪೆಟ್ರೋಲ್ ಎಷ್ಟ ಹೋತು?”

“ಸುಮಾರು...”

“ಸುಮಾರು ಅನ್ನೂದು ಅಂಕಿ ಅಲ್ಲ ಮಗಳ, ಅದು ಅಭಿಪ್ರಾಯ!”

ಹೊರಗೆ ಕರೆದುಕೊಂಡು ಹೋದರೂ ಇದೇ ಕಥೆ. ಒಮ್ಮೆ ಮಳೆಗಾಲದಲ್ಲಿ ಮೂವರೂ ಲೋಣಾವಳಾಕ್ಕೆ ಹೋಗಿದ್ದೆವು. ಜಗತ್ತೆಲ್ಲ ಮಂಜು ನೋಡುತ್ತಿದ್ದರೆ ಕಾಕಾ ಭಜ್ಜಿಯಂಗಡಿಯ ಒಲೆಯೊಳಗೆ ಬಗ್ಗಿ ನೋಡಿ, “ದಿವಸಾಲಾ ಕೋಳಸಾ ಕಿತೀ ಲಾಗತೋ?” ಎಂದು ಮರಾಠಿಯಲ್ಲಿ ವಿಚಾರಣೆ ಶುರುಮಾಡಿದರು. ದಿನಕ್ಕೆ ಎಷ್ಟು ಇದ್ದಿಲು ಉರಿದರೆ ಇವರಿಗೇನು? ಅಂಗಡಿಯವನು ಇವರ ಬಿಳಿ ಅಂಗಿ, ಜೇಬಿನ ಪೆನ್ನು ನೋಡಿ ಯಾವುದೋ ತಪಾಸಣೆಯ ಸಾಹೇಬರೇ ಬಂದರೆಂದು ಬೆವತುಹೋದ. ಇದ್ದಿಲಿನ ಲೆಕ್ಕ ಕೊನೆಗೂ ಸಿಗಲಿಲ್ಲ, ಕೇಳದೆಯೇ ಮೂರು ತಟ್ಟೆ ಭಜ್ಜಿ ಬಂತು. “ಮಾಹಿತಿ ಕೊಡವಲ್ರು, ಭಜ್ಜಿ ಕೊಡ್ತಾರ!” ಎಂದು ಕಾಕಾ ದಾರಿಯುದ್ದಕ್ಕೂ ಗೊಣಗಿದರು. ಭಜ್ಜಿಯನ್ನೇನೂ ಬಿಡಲಿಲ್ಲ.

ಇನ್ನು ಅವರ ಬಕೆಟ್ಟಿನ ಸಂಗತಿ. ಕಾಕಾ ಮನೆಯ ಗೀಝರಿನ ತಂತಿಯನ್ನೇ ತೆಗೆಸಿ ಹಾಕಿದ್ದರು. (ನಾನಂತೂ ಶನಿವಾರ ನನ್ನ ರೂಮಿನಲ್ಲಿ ಮಿಂದು ಬಂದರೆ ಮತ್ತೆ ಸೋಮವಾರವೇ!) ರಾತ್ರಿ ಬಕೆಟ್ಟಿಗೆ ನಳದ ನೀರು ತುಂಬಿಟ್ಟು, ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಅದನ್ನೇ ಮೈಮೇಲೆ ಸುರಿದುಕೊಳ್ಳುವುದು ಅವರ ಪದ್ಧತಿ. ಪುಣೆಯ ಥಂಡಿಯಲ್ಲೂ! ಆಶ್ಚರ್ಯವೆಂದರೆ ನೀರು ಬೆಚ್ಚಗೇ ಇರುತ್ತಿತ್ತು. ಇದಕ್ಕೆ ಕಾಕಾನ ಬಳಿ ಸಿದ್ಧಾಂತವೊಂದಿತ್ತು: ಬಚ್ಚಲಿನ ಪಡುವಣ ಗೋಡೆ ಸಂಜೆಯ ಬಿಸಿಲು ಕುಡಿದು, ರಾತ್ರಿಯೆಲ್ಲ ಅದನ್ನು ಬಕೆಟ್ಟಿಗೆ ದಾನ ಮಾಡುತ್ತದೆ. ಫ್ರಿಜ್ಜಿನ ಕೋಷ್ಟಕದಲ್ಲಿ ‘ಸೌರಶಕ್ತಿ (ಗೋಡೆ)’ ಎಂದು ಹೊಸ ಸಾಲೇ ಹುಟ್ಟಿತು. ಸೊಸೈಟಿಯ ಸಭೆಯಲ್ಲಿ ಇದರ ಬಗ್ಗೆ ಭಾಷಣವೂ ಆಯಿತು. “ಕಾಕಾ, ಆಮಚ್ಯಾ ಭಿಂತೀ ಆಳಶೀ ಆಹೇತ” ಎಂದು ಸೆಕ್ರೆಟರಿ ಕೈಮುಗಿದರು. ಅವರ ಮನೆಯ ಗೋಡೆಗಳು ಸೋಮಾರಿಗಳಂತೆ!

ಹೀಗಿರುವಾಗ ಗ್ಯಾಸ್ ಸಿಲಿಂಡರು ಲೆಕ್ಕಕ್ಕಿಂತ ಬೇಗ ಮುಗಿಯತೊಡಗಿತು. ಕೋಷ್ಟಕದ ತಳದಲ್ಲಿ ವ್ಯತ್ಯಾಸದ ಸಾಲು ಬಂದು ಕೂತಿತು. ಕಾಕಾನ ನಿದ್ದೆ ಹಾರಿತು. ಪೈಪಿಗೆ ಸಾಬೂನಿನ ನೊರೆ ಹಚ್ಚಿ ಸೋರಿಕೆ ಹುಡುಕಿದರು. ಸಿಲಿಂಡರು ತಂದವನನ್ನು ನಿಲ್ಲಿಸಿ ತೂಕ ಮಾಡಿಸಿದರು. ಎಲ್ಲೂ ತಪ್ಪಿಲ್ಲ. ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನೆದುರಿಗೇ ತನಿಖೆ ಕಾಕುವಿನ ಬಳಿ ಬಂದು ನಿಂತಿತು.

“ಒಲಿ ಮ್ಯಾಲ ನೀ ಇನ್ನೇನೋ ಇಡ್ತಿ. ಹೇಳವಲ್ಲಿ.”

“ಈ ವಯಸ್ಸಿನ್ಯಾಗ ನನ್ನ ಕಳ್ಳಿ ಅಂತೀರೇನ್ರಿ?”

“ಕಳ್ಳಿ ಅಂದಿಲ್ಲ. ಗ್ಯಾಸ್ ಇಲಾಖೆ ಮಾಹಿತಿ ಮುಚ್ಚಿಡ್ತದ ಅಂದೆ.”

ಕಾಕು ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದರು. ಕಣ್ಣು ತುಂಬಿತ್ತು. “ಹಂಗಾರ ಇಲಾಖೆ ನೀವ ನಡಸ್ರಿ!” ಎಂದವರೇ, ಊರಿಂದ ಖಂಡೋಬನ ದರ್ಶನಕ್ಕೆ ಬಂದಿದ್ದ ತಂಗಿಯ ಜೊತೆ ಜೇಜುರಿಗೆ ಹೊರಟುಹೋದರು. ನಾಳೆ ಬರುತ್ತೇನೆಂದು ನನಗೆ ಹೇಳಿದರು, ಕಾಕಾನಿಗೆ ಹೇಳಲಿಲ್ಲ. ಅವರಿಬ್ಬರು ಮಾತು ಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೆ ನಿಜಕ್ಕೂ ಹೆದರಿಕೆಯಾಯಿತು.

ರವಿವಾರ ಬೆಳಿಗ್ಗೆ ಚಹಾಕ್ಕೆ ನೀರಿಡುತ್ತಿದ್ದೆ. ಬಚ್ಚಲಿನಿಂದ ಎಂಥ ಚೀರಾಟವೆಂದೀರಿ! ಎದುರು ಮನೆಯವರು ಬಾಗಿಲು ತೆರೆದರು. ಕಾಕಾ ಟವೆಲ್ ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ ಅಡುಗೆಮನೆಗೇ ಬಂದರು.

“ನೀರಿಗೆ ಏನಾಗೇದ? ಬರ್ಫ ಆಗೇದಲ್ಲ!”

“ರಾತ್ರಿ ತುಂಬಿಟ್ಟ ನೀರು ಮತ್ತ. ತಣ್ಣಗ ಇರೂದ ಅಲ್ರಿ ಕಾಕಾ?”

“ಮತ್ತ ಗೋಡಿ?”

ಒಲೆಯ ಪಕ್ಕದಲ್ಲಿ ದೊಡ್ಡ ಪಾತೇಲಿಯೊಂದು ಬೋರಲು ಬಿದ್ದಿತ್ತು. ಪ್ರತಿವಾರ ನೋಡಿದ್ದೆ, ಅದು ಯಾವ ಅಡುಗೆಗೆಂದು ಯೋಚಿಸಿರಲಿಲ್ಲ. ಕಾಕಾ ವಾಕಿಂಗಿಗೆ ಹೋದಾಗ, ನಾನು ಗೊರಕೆ ಹೊಡೆಯುವಾಗ, ಅದು ಒಲೆಯೇರಿ ಇಳಿದು, ಅದರ ಬಿಸಿನೀರು ಬಕೆಟ್ಟಿಗೆ ಬೀಳುತ್ತಿತ್ತು. ನನಗೆ ಒಮ್ಮೆಲೇ ಹೊಳೆಯಿತು.

“ಕಾಕಾ, ಆ ಗೋಡಿ ನಿನ್ನೆ ಜೇಜುರಿಗೆ ಹೋಗೇದ್ರಿ.”

ಕಾಕಾ ಪಾತೇಲಿ ನೋಡಿದರು. ಫ್ರಿಜ್ಜು ನೋಡಿದರು. ಒಲೆಯಿಂದ ಕಾಣೆಯಾದ ಗ್ಯಾಸು, ಗೋಡೆ ಕೊಟ್ಟಿತೆಂದ ಸೌರಶಕ್ತಿ, ಎರಡೂ ಒಂದೇ! ಲೆಕ್ಕ ಹೊಂದಿಕೊಂಡಿತ್ತು. ಆದರೆ ಅವರು ನಗಲಿಲ್ಲ, ಒದ್ದೆ ಮೈಯಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಸಂಜೆ ಕಾಕು ಹಣೆಯ ತುಂಬ ಖಂಡೋಬನ ಅರಿಶಿನದ ಭಂಡಾರ ಹಚ್ಚಿಕೊಂಡು, ಮುಖ ಬಿಗಿದುಕೊಂಡೇ ಬಂದರು. ಕಾಕಾ ಎದ್ದು ಹೋಗಿ ಕುಡಿಯಲು ನೀರು ತಂದುಕೊಟ್ಟರು. ಆಮೇಲೆ ಎದುರಿಗೆ ಕೂತು, ಅಪರಿಚಿತರ ಬಾಗಿಲಲ್ಲಿ ಕೇಳುತ್ತಿದ್ದ ಹಾಗೆ ಬಹಳ ನಾಜೂಕಿನಿಂದ ಕೇಳಿದರು.

“ನನ್ನ ನೀರಿಂದು ಗೊತ್ತಾತು. ನಿನ್ನ ಸ್ನಾನಕ್ಕ ನೀರು ಯಾವುದರ ಮ್ಯಾಲ ಕಾಸ್ತಿ?”

“ನನಗ್ಯಾಕ ಕಾಸೂದು? ನಾ ತಣ್ಣೀರ ಹಾಕ್ಕೋತೀನಿ.”

“ಥಂಡ್ಯಾಗೂ?”

“ಇಬ್ಬರಿಗೂ ಕಾಸಿದ್ರ ಗ್ಯಾಸ್ ಇನ್ನೂ ಬೇಗ ಮುಗೀತದ. ನಿಮ್ಮ ಲೆಕ್ಕಾ ತಪ್ಪತದಲ್ಲರಿ!”

ಎಷ್ಟೋ ಮನೆಗಳ ಒಲೆ ವಿಚಾರಿಸಿದ ಮನುಷ್ಯ ಈ ಒಂದು ಮನೆಯಲ್ಲಿ ಕೇಳುವುದನ್ನು ಮರೆತಿದ್ದರು. ನಾನು ಇಲ್ಲದ ಕೆಲಸ ನೆನಪಿಸಿಕೊಂಡು ಬಾಲ್ಕನಿಗೆ ಹೋದೆ.

ಸೋಮವಾರ ನಸುಕಿನಲ್ಲಿ ಅಡುಗೆಮನೆಯಲ್ಲಿ ಪಾತ್ರೆಗಳು ಬೀಳುವ ಸದ್ದಿಗೆ ಎಚ್ಚರವಾಯಿತು. ಕಾಕಾ ವಾಕಿಂಗಿಗೆ ಹೋಗಿರಲಿಲ್ಲ. ತುಳುಕುವಷ್ಟು ತುಂಬಿದ ಪಾತೇಲಿಯನ್ನು ಹಳೇ ಬಟ್ಟೆಯಿಂದ ಹಿಡಿದು, ದಾರಿಯುದ್ದಕ್ಕೂ ಚೆಲ್ಲುತ್ತ ಬಚ್ಚಲಿಗೆ ಹೊರಟಿದ್ದರು. ಬಾಗಿಲ ಬಳಿ ಕಾಕು ಬಾಯಿಯ ಮೇಲೆ ಸೆರಗಿಟ್ಟುಕೊಂಡು ನಿಂತಿದ್ದರು.

“ಅಯ್ಯ, ಎಷ್ಟ ಕಾಸೀರಿ ಅದನ್ನ?”

“ಸುಮಾರು ಕಾಸೇನಿ,” ಎಂದರು ಕಾಕಾ. “ಕೈ ಹಾಕಿ ನೋಡು.”