ಮೂರೇ ಏಟಿಗೆ ಕಿರುಚಿಕೊಂಡ ಸೇತುವೆಯ ಪೆಟ್ಟಿಗೆಗೆ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ನಮ್ಮ ಬೀದಿಯ ಕೊನೆಗೆ, ಕಾಲುವೆ ದಾಟುವ ಕಬ್ಬಿಣದ ಕಾಲುಸೇತುವೆಗೆ ಅಂಟಿಕೊಂಡು, ಚಳಿ ಮಳೆ ಎನ್ನದೆ ಹಸಿರು ಕಣ್ಣು ಮಿಟುಕಿಸುತ್ತಿರುವ ಮಾನ್ಯ ಪೆಟ್ಟಿಗೆಯವರೇ, ಹೊನ್ನಮ್ಮ ಎಂಬ ಮುದುಕಿಯ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಬಗ್ಗದ ಕಾರಣ ಅದನ್ನು ಕಾಗದದ ಮೇಲೆಯೇ ಸ್ವೀಕರಿಸಬೇಕು.

ತಾವು ಯಾರೆಂದು ತಿಳಿಸಿದವಳು ಮೊಮ್ಮಗಳು ಕೃತಿ. ಸೇತುವೆಗಳ ಆರೋಗ್ಯ ನೋಡುವುದೇ ಅವಳ ಕೆಲಸ. ಯಾರು ನಡೆದರೂ ಸೇತುವೆ ಕಣ್ಣಿಗೆ ಕಾಣದಷ್ಟು ನಡುಗುತ್ತದಂತೆ, ಒಳಗೇನಾದರೂ ಕೆಟ್ಟಿದ್ದರೆ ಆ ನಡುಕವೇ ಬೇರೆಯಾಗುತ್ತದಂತೆ, ಅದನ್ನು ತಾವು ಅಳೆದು ಆಫೀಸಿಗೆ ಕಳಿಸುತ್ತೀರಂತೆ. ಪಾಳಿ ಇಲ್ಲ, ರಜೆ ಇಲ್ಲ, ಒಂದು ಲೋಟ ಕಾಫಿ ಇಲ್ಲ! ಅದಕ್ಕೇ ಆಯುಧಪೂಜೆಯ ದಿನ ಅಳಿಯಂದಿರ ಕಾರಿಗೂ ಮಿಕ್ಸಿಗೂ ಕೃತಿಯ ಲ್ಯಾಪ್‌ಟಾಪಿಗೂ ಕುಂಕುಮವಿಟ್ಟ ಮೇಲೆ ತಮ್ಮಲ್ಲಿಗೂ ಬಂದು, ಹಣೆ ಯಾವುದೆಂದು ತಿಳಿಯದೆ ನಾಲ್ಕೂ ಕಡೆ ಅರಿಶಿನ ಕುಂಕುಮ ಹಚ್ಚಿ, ಹೂ ಸಿಕ್ಕಿಸಿ, ಪಕ್ಕದ ಕಬ್ಬಿಣಕ್ಕೆ ಕಾಯಿ ಒಡೆದೆ. ಇಲ್ಲಿನ ಅಂಗಡಿಯ ಕಾಯಿ ಕಲ್ಲಿನಂಥದ್ದು. ಮೂರು ಏಟು ಬೇಕಾಯಿತು.

ತಾವು ಮಾಡಿದ್ದೇನು ಮಾನ್ಯರೇ? ಆಫೀಸಿಗೆ ಕೇಳುವಂತೆ ಕಿರುಚಿಕೊಂಡಿರಿ! ಸಂಜೆಯೊಳಗೆ ಹಳದಿ ಜಾಕೆಟ್ಟಿನವರು ಬಂದು ಬೇಲಿ ಹಾಕಿದರು. ಕೃತಿ ಓಡಿಬಂದು ಅಜ್ಜೀ ಅದು ನೀನೇನಾ ಎಂದಳು, ನಾನೇ ಕಣೇ, ಪ್ರಸಾದ ತಗೋ ಎಂದೆ. ಮಾರನೆಯ ದಿನ ಅವರು ತಮ್ಮದೇ ಸುತ್ತಿಗೆಯಿಂದ ಬಡಿದು ನೋಡಿದರೆ, ಹೊರಗೆ ಮದುವಣಗಿತ್ತಿಯಂತೆ ಬಣ್ಣ ಬಳಿದುಕೊಂಡ ತೊಲೆಯನ್ನು ಒಳಗೆ ತುಕ್ಕು ತಿಂದುಹಾಕಿದೆಯಂತೆ. ತಮ್ಮನ್ನು ಅಲ್ಲಿ ಅಂಟಿಸಿದ ಮೇಲೆ ಊರೆಲ್ಲಾ ಅದರ ಮೇಲೆ ಓಡಾಡುತ್ತಿದ್ದ ನಾಲ್ಕು ತಿಂಗಳೂ ತಾವು ತುಟಿ ಪಿಟಕ್ಕೆನ್ನಲಿಲ್ಲವಲ್ಲ, ಆಹಾ, ಎಂಥ ಸಹನೆ! ಇಂಥ ತಾಳ್ಮೆಯ ಸೊಸೆಗಾಗಿ ಮೂರು ಜಿಲ್ಲೆ ಸುತ್ತಿದೆ, ಸಿಗಲಿಲ್ಲ.

ಈಗ ನನ್ನ ದೂರು. ಕಾಲುವೆಯ ಆಚೆ ಡಾಕ್ಟರ್ ನಾಗಭೂಷಣರ ತಾಯಿ ವಸುಂಧರಮ್ಮ ಇದ್ದಾರೆ. ಸೊಂಟದ ಮೂಳೆ ಆಪರೇಷನ್ ಆಗಿ, ಹಗಲೆಲ್ಲಾ ಒಬ್ಬರೇ. ದಿನವೂ ಐದು ನಿಮಿಷದಲ್ಲಿ ದಾಟಿ, ಬಿಸಿ ಸಾರು ಕೊಟ್ಟು, ಒಂದಿಷ್ಟು ಜಗಳವಾಡಿ ಬರುತ್ತಿದ್ದೆ. ಈಗ ಸುತ್ತುದಾರಿ ಮುಕ್ಕಾಲು ಗಂಟೆ, ನನ್ನ ಮಂಡಿಗೆ ಆಗದು. ಭಾನುವಾರ ಅಳಿಯಂದಿರು ಕಾರಿನಲ್ಲಿ ಬಿಡುತ್ತಾರೆ, ಉಳಿದ ಆರು ದಿನ ಫೋನು. ಫೋನಿನಲ್ಲಿ ಅವರು ಚೆನ್ನಾಗಿದ್ದೀನಿ ಕಣ್ರೀ ಎನ್ನುತ್ತಾರೆ, ದಿನವೂ ಅದೇ ದನಿ, ಒಂದು ಕೂದಲೆಳೆ ಏರಿಳಿತವಿಲ್ಲ. ಮಗ ಎಕ್ಸ್‌ರೇ ನೋಡಿ ಎಲ್ಲಾ ಸರಿಯಿದೆ ಎನ್ನುತ್ತಾನೆ. ನಾನು ಜಗಳ ತೆಗೆದರೂ ಈಚೆಗೆ ಅವರು ತಿರುಗಿ ಬೈಯುತ್ತಿಲ್ಲ. ನನಗೆ ಭಯವಾಗಿರುವುದು ಅದಕ್ಕೇ.

ಆದ್ದರಿಂದ ತಾವು ದಯಮಾಡಿ ಒಂದೇ ಒಂದು ದಿನ ಅಂಟು ಬಿಡಿಸಿಕೊಂಡು ಹೋಗಿ, ಆಯಮ್ಮನ ಎದೆಗೆ ಅಂಟಿಕೊಂಡು ಕೂತು, ಒಳಗೇನು ಕೆಟ್ಟಿದೆ ಎಂದು ಕಿರುಚಬೇಕಾಗಿ ಪ್ರಾರ್ಥನೆ. ಅದಾಗದಿದ್ದರೆ ನನ್ನನ್ನೊಬ್ಬಳನ್ನು ದಾಟಲು ಬಿಡಿ: ಸಾರಿನ ಡಬ್ಬಿಯೂ ಸೇರಿ ನಲವತ್ತೊಂಬತ್ತು ಕಿಲೋ, ಬರಿಗಾಲಲ್ಲಿ ಬರುವೆ, ಕೆಮ್ಮು ಬಂದರೆ ಆಚೆ ದಡಕ್ಕೆ ಹೋಗಿಯೇ ಕೆಮ್ಮುವೆ.

ಬೇಲಿಯ ಈಚೆ ಕಡೆಯ,
ತಮ್ಮ ವಿಶ್ವಾಸಿ,
ಹೊನ್ನಮ್ಮ

ತಾ.ಕ.: ವಸಂತಕ್ಕೆ ಸೇತುವೆ ತೆರೆಯುತ್ತದೆ ಎಂದು ಬೋರ್ಡು ಕಟ್ಟಿದ್ದಾರೆ, ಯಾವ ವರ್ಷದ ವಸಂತವೆಂದು ಬರೆದಿಲ್ಲ. ವಸುಂಧರಮ್ಮನಿಗೆ ಎಂಬತ್ತೊಂದು, ನನಗೆ ಎಪ್ಪತ್ತೊಂಬತ್ತು. ತಮ್ಮ ಬ್ಯಾಟರಿ ಐದು ವರ್ಷ ಬಾಳುತ್ತದೆ ಎಂದು ಕೃತಿ ಹೇಳಿದಳು. ತಾವು ನಿಧಾನವಾಗಿ ಯೋಚಿಸಿ.