ಮೊದಲ ಪೆಟ್ಟು ಜೋರು

ಹೊಟ್ಟೆಕಿಚ್ಚು ಪಡಲು ಕುವೈತಿನಲ್ಲಿ ನನಗೆ ವಾರಕ್ಕೊಂದು ಕಾರಣ ಸಿಕ್ಕೇ ಸಿಗುತ್ತಿತ್ತು. ತೊಂಬತ್ತರ ಯುದ್ಧಕ್ಕೆ ಮುಂಚಿನ ಚಳಿಗಾಲದಲ್ಲಂತೂ ಎಲ್ಲ ಕಾರಣವೂ ಒಬ್ಬನೇ ಆಗಿದ್ದ: ಪಕ್ಕದ ಮೇಜಿನ ಹುಬ್ಬಳ್ಳಿಯ ಟೆಕ್ನಿಷಿಯನ್.

೧. ಮೃದಂಗದ ಕೈ

ನಮ್ಮದು ಬೆಂಕಿ ಆರಿಸುವ ಸಾಮಾನು ಮಾರುವ ಕಂಪನಿ. ಸಾಮಾನು ನಾರ್ವೆಯದು, ಸಾಹೇಬರೂ ನಾರ್ವೆಯವರು. ನಮ್ಮಿಬ್ಬರಲ್ಲಿ ಒಬ್ಬರನ್ನು ತರಬೇತಿಗೆ ನಾರ್ವೆಗೆ ಕಳಿಸುತ್ತೇನೆ ಎಂದು ಹೇಳಿ, ಊಟದ ಬಿಡುವಿನಲ್ಲಿ ತಮ್ಮ ಭಾಷೆ ಕಲಿಸತೊಡಗಿದರು. ಮೊದಲ ಪದವೇ 'ಬ್ರನ್‌ಸ್ಲುಕಿಂಗ್ಸ್‌ಅಪರಾತ್'. ಗೋಡೆಗೆ ನೇತುಹಾಕುತ್ತಾರಲ್ಲ, ಬೆಂಕಿ ಆರಿಸುವ ಕೆಂಪು ಸಿಲಿಂಡರು, ಅದು. ಬ್ರನ್, ಸ್ಲುಕಿಂಗ್ಸ್, ಅಪರಾತ್ ಸೇರಿ ಒಂದಾದ ಪದ. ಎಲ್ಲಿ ಸೇರಿದೆಯೋ ಅಲ್ಲೇ ಬಿಡಿಸಬೇಕು, ಒತ್ತು ಮೊದಲ ತುಂಡಿನ ಮೇಲೆ ಬೀಳಬೇಕು.

ನಾನು ಮೈಸೂರಿನಲ್ಲಿ ಮೃದಂಗ ಕಲಿತವನು. ಮೇಜಿನ ಮೇಲೆ ತಾಳ ಹಾಕಿ, ಎಲ್ಲ ಅಕ್ಷರಕ್ಕೂ ಒಂದೇ ತೂಕ ಕೊಟ್ಟು ಗಂಭೀರವಾಗಿ ಹೇಳಿದೆ. ಹುಬ್ಬಳ್ಳಿಯವನು ಒಂದೇ ಸಲಕ್ಕೆ ಸರಿಯಾಗಿ ಹೇಳಿಬಿಟ್ಟ. ಅವನ ಬೆನ್ನು ತಟ್ಟಿದ ಸಾಹೇಬರು, ನಾನು ಹೇಳಿದ್ದು ಯಾವ ದೇವರ ಮಂತ್ರ ಎಂದು ವಿಚಾರಿಸಿದರು.

೨. ಗೋಡೆಯಾಚೆಯ ರೊಟ್ಟಿ

ಹೊಟ್ಟೆ ಉರಿದುಹೋಯಿತು. ಬ್ನೇದ್ ಅಲ್ ಗಾರ್ ಬಡಾವಣೆಯಲ್ಲಿ ಅವನದು ನಮ್ಮ ಪಕ್ಕದ ಫ್ಲಾಟೇ. ಸಂಜೆ ಗೋಡೆಗೆ ಕಿವಿಯಿಟ್ಟೆ. ಆಸಾಮಿ ಜೋಳದ ರೊಟ್ಟಿ ಬಡಿಯುತ್ತ ಅದೇ ನಾರ್ವೆ ಪದ ಹೇಳುತ್ತಿದ್ದ. 'ಬ್ರನ್' ಎನ್ನುವಾಗ ಪಟ್ಟೆಂದು ಜೋರು ಪೆಟ್ಟು, ಆಮೇಲಿನವೆಲ್ಲ ಹಗುರ.

ನಾನೂ ಜೋಳದ ಹಿಟ್ಟು ತಂದೆ. ಮುದ್ದೆ ನುಂಗುವುದು ಬಿಟ್ಟರೆ ಅಡುಗೆಮನೆಯಲ್ಲಿ ನನಗೇನು ಕೆಲಸ ಎಂದು ಹೆಂಡತಿ ಕೇಳಿದಳು. ಹಟ ಬಿಡದೆ ಬಡಿದೆ. ರೊಟ್ಟಿ ಹರಿಯಿತು, ಪದ ಕೂಡಿಬಂತು. ಹರಿದದ್ದನ್ನು ವಾರವಿಡೀ ತಿಂದ ಹೆಂಡತಿ, "ಈ ನಾರ್ವೆ ಊಟ ಸಾಕು ಮಾಡ್ರೀ" ಎಂದಳು.

೩. ಪರೀಕ್ಷೆ

ಆಯ್ಕೆಯ ದಿನ ನಾನು 'ಬ್ರನ್' ಎಂದು ಮೇಜಿಗೆ ಹೊಡೆದ ರಭಸಕ್ಕೆ ಸಾಹೇಬರ ಚಹಾ ಉರುಳಿತು. ಒತ್ತು ಮಾತ್ರ ಬೀಳಬೇಕಾದಲ್ಲೇ ಬಿತ್ತು. ಹುಬ್ಬಳ್ಳಿಯವನು ಅಂದು ಪೂರ್ತಿ ತಡವರಿಸಿದ. ನನಗೆ ಸ್ವರ್ಗ ಮೂರೇ ಗೇಣು.

ಸಾಹೇಬರು ನನ್ನ ಕೈ ಕುಲುಕಿದರು. ಭಾಷೆ ಇಷ್ಟು ಚೆನ್ನಾಗಿ ಬರುವ ನೀನು ಇಲ್ಲೇ ಇರು, ಬಂದ ಮಾಲು ನೋಡಿಕೊ, ಬಾರದವನು ಹೋಗಿ ಕಲಿತು ಬರಲಿ ಎಂದರು.

ವಿಮಾನ ನಿಲ್ದಾಣಕ್ಕೆ ಅವನನ್ನು ಬಿಡಲು ಹೋದವನೂ ನಾನೇ. ಬಾಗಿಲಲ್ಲಿ ನಿಂತು ಅವನು ಆ ಪದವನ್ನು ಸಾಹೇಬರಿಗಿಂತ ಚೆನ್ನಾಗಿ ಹೇಳಿದ. ಮತ್ತೆ ಅಂದೇಕೆ ತಡವರಿಸಿದೆ ಎಂದರೆ, ಪೆಟ್ಟಿಗೆ ಎತ್ತಿಕೊಳ್ಳುತ್ತ ಸಮಾಧಾನದಿಂದ ಕೇಳಿದ:

"ಅಲ್ರೀ ಸರ್, ಕಲತವರ್ನ ಕಲಿಯಾಕ ಯಾರು ಕಳಸ್ತಾರ್ರೀ?"