ಅಗಿದು ತಿನ್ನಿ, ಅನಂತಪದ್ಮನಾಭ ಅವರೇ!

ಅನಂತಪದ್ಮನಾಭರಾಯರು ಮೂವತ್ತು ಕಿಲೋ ಇಳಿದರು. ಹೇಗೆ ಎಂದು ಜಯನಗರದಲ್ಲಿ ಯಾರೇ ಕೇಳಲಿ, ಒಂದೇ ಉತ್ತರ: "ಕೆರೆ ಸುತ್ತಿದೆ, ಬಾಯಿ ಕಟ್ಟಿದೆ. ಮನಸ್ಸು ಗಟ್ಟಿ ಇರ್ಬೇಕು, ಅಷ್ಟೇ." ಹೊಟ್ಟೆ ಚಿಕ್ಕದು ಮಾಡಿಸಿಕೊಂಡ ಆಪರೇಷನ್ ವಿಷಯ ಹೆಂಡತಿ ಸರಸ್ವತಿಗೆ ಮಾತ್ರ ಗೊತ್ತು. (ನೆಂಟರಿಗೆಲ್ಲ ತೀರ್ಥಯಾತ್ರೆ ಎಂದು ಹೇಳಿ, ಗಾಂಧಿಬಜಾರಿನಿಂದ ಲಾಡು ತಂದು ಪ್ರಸಾದವೆಂದು ಹಂಚಿದ್ದೂ ಆಗಿತ್ತು.)

ಆಮೇಲಿನ ಪಥ್ಯ ನೋಡಿಕೊಳ್ಳಲು ಆಸ್ಪತ್ರೆಯವರು ಮೊಬೈಲಿಗೊಂದು ಆ್ಯಪ್ ಹಾಕಿಕೊಟ್ಟಿದ್ದರು. ಊಟದ ಹೊತ್ತಿಗೆ ಅದು ಅಚ್ಚಕನ್ನಡದಲ್ಲಿ ಕೂಗುತ್ತದೆ. ರಾಯರು ಹೆಬ್ಬೆಟ್ಟೊತ್ತಿ ಫೋನ್ ತೆರೆದು ಉತ್ತರ ಕೊಡುವ ತನಕ ಬಿಡುವುದಿಲ್ಲ. "ನನ್ನವಳಿಗಿಂತ ಹಟಮಾರಿ" ಎನ್ನುತ್ತಿದ್ದರು, ಅವಳು ಅಡುಗೆಮನೆಯಲ್ಲಿದ್ದಾಗ.

ಪುಟ್ಟೇನಹಳ್ಳಿಯಲ್ಲಿ ಬಾಮೈದ ಭಾರ್ಗವನ ಗೃಹಪ್ರವೇಶ. ಅವನ ಮಗಳು ಶುಭಾ ಮೈಕೈ ತುಂಬಿಕೊಂಡ ಹುಡುಗಿ. ಮೊದಲ ಪಂಕ್ತಿಗೆ ಕೂರಲು ಬಂದವಳನ್ನು ರಾಯರು ತಡೆದರು.

"ಏನಮ್ಮಾ, ಹೋಳಿಗೆ ಕಂಡ ತಕ್ಷಣ ಓಡಿ ಬಂದ್ಯಾ? ನನ್ನ ನೋಡಿ ಕಲಿ. ಈ ಫೋನ್ ಹಿಡ್ಕೊಂಡು ನಿಂತಿರು, ಸ್ವಲ್ಪನಾದ್ರೂ ಕರಗುತ್ತೆ."

(ಪಂಚೆ ಉಟ್ಟು ಶಲ್ಯ ಹೊದ್ದವರಿಗೆ ಜೇಬೆಲ್ಲಿ?) ನೆಂಟರು ನಕ್ಕರು. ಶುಭಾ ಕಣ್ಣು ತುಂಬಿಕೊಂಡು ಫೋನ್ ತೆಗೆದುಕೊಂಡಳು. ಎದುರು ಸಾಲಿನಿಂದ ಸರಸ್ವತಿ ಗಂಡನನ್ನು ದುರುಗುಟ್ಟಿ ನೋಡಿದರು.

ಸಾರನ್ನ ಕಲಸುವಷ್ಟರಲ್ಲಿ ಫೋನ್ ಕೂಗಿತು: "ಅನಂತಪದ್ಮನಾಭ ಅವರೇ! ತೂಕ ಇಳಿಸುವ ಆಪರೇಷನ್ ಆದ ನಿಮ್ಮ ಹೊಟ್ಟೆ ಈಗ ಚಿಕ್ಕದು. ಅಗಿದು ತಿನ್ನಿ!"

ಇಡೀ ಪಂಕ್ತಿ ಕೈ ತಡೆಯಿತು.

"ಆಫ್ ಮಾಡೇ!"

"ಲಾಕ್ ಆಗಿದೆ ಮಾವ. ನಂಬರ್ ಹೇಳಿ."

"ಮರ್ತೋಗಿದೆ! ಹೆಬ್ಬೆಟ್ಟೇ ಬೇಕು!"

ಹೆಬ್ಬೆಟ್ಟಿನ ತುಂಬ ಸಾರು. ನೆಕ್ಕಿ ಒತ್ತಿದರು, ಎಂಜಲು ಬೆರಳನ್ನು ಫೋನ್ ಒಪ್ಪಲಿಲ್ಲ. ಎದ್ದು ತೊಳೆಯೋಣವೆಂದರೆ ಪುರೋಹಿತರ ಊಟ ಇನ್ನೂ ಸಾರಿನಲ್ಲೇ ಇದೆ, ಪಂಕ್ತಿಯ ಮಧ್ಯೆ ಏಳುವಂತಿಲ್ಲ. "ಅಗಿದು ತಿನ್ನಿ! ಅಗಿದು ತಿನ್ನಿ!"

"ಭಾವ, ತೀರ್ಥಯಾತ್ರೆ ಯಾವ ಆಸ್ಪತ್ರೆಗೆ ಹೋಗಿದ್ರಿ?" ಎಂದ ಭಾರ್ಗವ.

ಪಂಕ್ತಿಗೆ ಪಂಕ್ತಿಯೇ ಹೋ ಎಂದಿತು. ನಾಚಿಕೆಯಿಂದ ರಾಯರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ತಗ್ಗಿಸಿ ಕೂತರು. ಇನ್ನು ಶುಭಾ ನಗುತ್ತಾಳೆ, ನಗಲಿ, ನನಗೆ ಆಗಬೇಕಾದ್ದೇ ಎಂದುಕೊಂಡರು.

ಅವಳು ನಗಲಿಲ್ಲ. ಫೋನನ್ನು ಸೆರಗಿನಲ್ಲಿ ಸುತ್ತಿ ಸದ್ದಡಗಿಸಿ, ಅವರ ಪಕ್ಕ ಮಂಡಿಯೂರಿದಳು.

"ಮಾವ, ತುಂಬಾ ನೋವಾಯ್ತಾ?"

ನೆಂಟರಲ್ಲಿ ಯಾರೂ ಈ ಮಾತು ಕೇಳಿರಲಿಲ್ಲ. ಕೇಳುವುದಕ್ಕೆ ರಾಯರು ಬಿಟ್ಟಿದ್ದರೆ ತಾನೇ?

"ಈಗ ನಿನಗೆ ಆಯ್ತಲ್ಲಮ್ಮ, ಅಷ್ಟಾಗ್ಲಿಲ್ಲ. ತಪ್ಪಾಯ್ತು. ಕೂತ್ಕೊ, ಇಲ್ಲೇ ಎಲೆ ಹಾಕಿಸ್ತೀನಿ."

ಹೋಳಿಗೆ ಬಂತು. ಸರಸ್ವತಿ ಎದುರಿನಿಂದಲೇ ಕೂಗಿದರು: "ಅವರಿಗೆ ಬೇಡ. ಅವಳಿಗೆ ಎರಡು, ತುಪ್ಪ ಧಾರಾಳವಾಗಿ!"

ಪಂಕ್ತಿ ಎದ್ದರೂ ರಾಯರು ಏಳಲಿಲ್ಲ. ಶುಭಾ ನಿಧಾನವಾಗಿ ಉಂಡು ಮುಗಿಸುವ ತನಕ, ಎಡಗೈಯಲ್ಲಿ ಅವಳ ಎಲೆಯ ನೊಣ ಓಡಿಸುತ್ತಾ, ಬಂದಬಂದವರಿಗೆಲ್ಲ ಹೊಟ್ಟೆ ಎಲ್ಲಿ, ಎಷ್ಟು ಕತ್ತರಿಸಿದರೆಂದು ವಿವರಿಸುತ್ತಾ ಕೂತೇ ಇದ್ದರು.